ಹೂವಿನ ಅಸ್ತರು

ಕಿಟಕಿಯಾಚೆ ಸ್ವೆಟರ್ ತೊಟ್ಟ ನಾಯಿಯೊಂದು ಒಡತಿಯನ್ನೇ ಎಳೆದುಕೊಂಡು ಹೋಗುತ್ತಿದೆ, ಮುಂಗಾಲಿನ ಒಂದು ತೋಳು ನೆಲ ಗುಡಿಸುತ್ತಿದೆ, ಅಳತೆ ನೋಡದೆ ತರಿಸಿದ್ದು, ಟೈಲರಮ್ಮನಿಗೆ ಬಸ್ಸಿನೊಳಗಿಂದಲೇ ಗೊತ್ತಾಗುತ್ತದೆ, ಮೊಬೈಲಿನ ಮೇಲೆ ಬೆರಳು ಒತ್ತಿದರೆ ಮನೆ ಬಾಗಿಲಿಗೆ ಬರುತ್ತದೆ, ಬಂದದ್ದು ಮೈಗೆ ಹಿಡಿಯದೆ ಅವಳ ಅಂಗಡಿಗೆ ಬರುತ್ತದೆ, ಸ್ವಲ್ಪ ಗಿಡ್ಡ ಮಾಡ್ಕೊಡಿ ಅಕ್ಕಾ, ಸೊಂಟ ಬಿಗಿ ಮಾಡ್ಕೊಡಿ ಅಕ್ಕಾ, ರಜೆ ಮುಗಿಯೋದ್ರೊಳಗೆ ಬೇಕು — ವರ್ಷದ ಕೊನೆಯ ಈ ರಜೆ ಬಂತೆಂದರೆ ಊರಿಗೆ ಊರೇ ಡಬ್ಬ ಒಡೆಯುತ್ತ ಕೂತಿರುತ್ತದೆ, ಈ ಬಸ್ಸಿನಲ್ಲೇ ನೋಡು, ಎಲ್ಲರ ತೊಡೆಯ ಮೇಲೂ ಪೊಟ್ಟಣ, ಟೈಲರಮ್ಮನ ತೊಡೆಯ ಮೇಲೂ ಒಂದು, ಹಳೆಯ ಸೀರೆಯಲ್ಲಿ ಸುತ್ತಿದ ಮೇಜಿನ ದೀಪ, ತಂಗಿಯ ದೀಪ, ತಂಗಿಯ ಕೋಣೆಯಲ್ಲಿ ಉಳಿದಿದ್ದ ಕೊನೆಯ ಸಾಮಾನು, ನಿದ್ದೆ ಹೋದ ಮಗುವಿನ ಹಾಗೆ ಭಾರವಾಗಿದೆ, ಇಷ್ಟು ಭಾರ ಇತ್ತೇ ಇದು. ಮಾರುವ ಯೋಚನೆ ಅವಳದಲ್ಲ, ಅವಳಿಗೆ ದಾರ, ಗುಂಡಿ ಕೊಡುವ ಗುಂಡಿ ಅಂಗಡಿಯವನದು, ಮೊಬೈಲು ಕಿತ್ತುಕೊಂಡು ಅವನೇ ಆ ಮಾರಾಟದ ಆ್ಯಪ್ ಹಾಕಿಕೊಟ್ಟ, ಈ ಸೀಸನ್ನಲ್ಲಿ ಸವೆದ ಚಪ್ಪಲಿ ಹಾಕಿದ್ರೂ ಹೋಗುತ್ತೆ ಅಕ್ಕಾ, ಒಂದೇ ಕಾಲಿಂದು ಹಾಕಿದ್ರೂ ಹೋಗುತ್ತೆ, ಕೋಣೆ ಖಾಲಿ ಮಾಡಿ ಮೆಶೀನ್ ಅಲ್ಲಿಟ್ಕೊಳ್ಳಿ, ಬೆಳಕು ಚೆನ್ನಾಗಿದೆ — ಬೆಳಕು ಚೆನ್ನಾಗಿದೆ ನಿಜ, ಅಮ್ಮ ಇರುವ ತನಕ ಆ ಬೆಳಕೆಲ್ಲ ಖಾಲಿ ಹಾಸಿಗೆಯ ಮೇಲೆ ಬಿದ್ದು ಬಿದ್ದು ದಂಡವಾಯಿತು, ಅಮ್ಮನೂ ಹೋದ ಮೇಲೆ ಯಾರಿಗೋಸ್ಕರ ಕಾಯುವುದು. ಮೊದಲು ಹಾಕಿದ್ದು ಪುಸ್ತಕದ ಗೂಡು, ಫೋಟೋ ಏರಿಸಿ ಬೆರಳು ತೆಗೆಯುವಷ್ಟರಲ್ಲಿ ಮೆಸೇಜು, ಇನ್ನೂ ಇದೆಯಾ. ಎಲ್ಲರೂ ಹಾಗೇ ಕೇಳುತ್ತಾರಂತೆ, ಆಮೇಲೆ ಎಲ್ಲರೂ ಚೌಕಾಸಿ ಮಾಡುತ್ತಾರಂತೆ, ಈ ಮೆಸೇಜಿನವಳು ಮಾಡಲಿಲ್ಲ, ಗೂಡು ಕೊಂಡಳು, ಮಂಚ ಕೊಂಡಳು, ಹೊದಿಕೆ, ಕುರ್ಚಿ, ಮೇಜು, ಹಲ್ಲು ಮುರಿದ ಬಾಚಣಿಗೆಯೊಂದನ್ನು ಗುಂಡಿ ಅಂಗಡಿಯವನು ತಮಾಷೆಗೆ ಹಾಕಿದ್ದ, ಅದನ್ನೂ ಕೊಂಡಳು, ಕೊರಿಯರಿನವನು ಸೊಂಟ ನೀವಿಕೊಳ್ಳುತ್ತ ನಕ್ಕ, ಏನಮ್ಮಾ, ಮನೇನ ಕಂತಲ್ಲಿ ಸಾಗಿಸ್ತಿದೀರಾ. ಚೌಕಾಸಿ ಇಲ್ಲದವಳು ಎಂದು ಅವಳಿಗೆ ಹೆಸರಿಟ್ಟು ನಕ್ಕದ್ದೂ ಆಯಿತು, ಆ ನಗು ಕೋಟಿನ ತನಕ ಮಾತ್ರ ಇತ್ತು.

ಕೋಟು, ನೀಲಿ ಕೋಟು, ಟೈಲರಮ್ಮನೇ ತಂಗಿಗೆ ಹೊಲಿದದ್ದು, ಆಗಿನ್ನೂ ಕೈ ಪಳಗಿರಲಿಲ್ಲ, ಒಳಗಿನ ಅಸ್ತರಿಗೆ ನೀಲಿ ಬಟ್ಟೆ ಸಾಲದೆ ಎಡತೋಳಿನೊಳಗೆ ಮಾತ್ರ ಕೆಂಪು ಹೂವಿನ ಬಟ್ಟೆಯ ತುಂಡೊಂದನ್ನು ಕೂಡಿಸಿದ್ದಳು, ಒಳಗೆ ತಾನೆ ಬಿಡೇ, ಯಾರ್ ನೋಡ್ತಾರೆ — ಯಾರು ನೋಡುತ್ತಾರೆ, ದಿನಾ ನೋಡುವ ಹಾಗೆ ಮಾಡಿದಳು ತಂಗಿ, ಮನೆಗೆ ಬಂದವಳೇ ಬಲಗೈ ಬಿಡಿಸಿ, ಎಡಗೈಯನ್ನು ಜಗ್ಗಿ ಎಳೆದು, ಕೋಟನ್ನು ಕುರ್ಚಿಯ ಬೆನ್ನಿಗೆ ಎಸೆದುಬಿಡುತ್ತಿದ್ದಳು, ಎಡತೋಳು ಒಳಮೈ ಹೊರಗಾಗಿ ಕೆಂಪು ಹೂವು ಜೋತಾಡುತ್ತಿತ್ತು, ನೋಡು, ಕೋಟು ನಾಲಿಗೆ ಹೊರಗೆ ಹಾಕಿದೆ, ತೋಳು ಸರಿ ಮಾಡೇ, ಅಮ್ಮನ ನಿತ್ಯದ ಬೈಗುಳ, ಸೋಮಾರಿ, ನಿನ್ನ ಕಟ್ಕೊಂಡೋನು ದಿನಾ ತೋಳು ತಿರುಗಿಸ್ತಾ ಕೂತಿರ್ತಾನೆ. ಆ ಸಂಜೆಯೂ ಹಾಗೇ ಎಸೆದಿದ್ದಳು, ಇಂಥದೇ ರಜೆಯ ಗದ್ದಲ, ಮೂಲೆಮನೆಯವರ ಫ್ರಾಕು ಮುಗಿದಿತ್ತು, ಕೊಟ್ಟು ಬಾರೇ, ಚಳಿ ಇದೆ ಕೋಟು ಹಾಕ್ಕೋ, ಮೂಲೆಮನೆಗೆ ಕೋಟು ಯಾಕಕ್ಕಾ, ಈಗ ಬಂದೆ. ಈಗ ಬಂದೆ ಅಂದವಳು ಬರಲಿಲ್ಲ. ಫ್ರಾಕು ಮುಟ್ಟಿತ್ತು, ಅವಳು ಆ ಮನೆಯ ಮೆಟ್ಟಿಲಿಳಿದದ್ದನ್ನು ಕಂಡವರಿದ್ದರು, ಅಲ್ಲಿಂದ ಇಲ್ಲಿಗೆ ಕೂಗಿದರೆ ಕೇಳುವಷ್ಟು ದೂರ, ಅಷ್ಟರೊಳಗೆ ಒಂದು ಇಡೀ ಹುಡುಗಿ ಎಲ್ಲಿ ಹೋದಳು, ಪೊಲೀಸಿನವನು ಪೆನ್ನಿನ ತುದಿ ಕಚ್ಚುತ್ತ ಅಂದ, ಪ್ರಾಯದವಳು, ಯಾರ ಜೊತೆಗೋ, ಬರ್ತಾಳೆ ಬಿಡಿ. ತೋಳು ಸರಿ ಮಾಡೇ ಅನ್ನುತ್ತಿದ್ದ ಅದೇ ಅಮ್ಮ ಆಮೇಲೆ ಕೋಟು ಮುಟ್ಟಲು ಯಾರನ್ನೂ ಬಿಡಲಿಲ್ಲ, ಹಂಗೇ ಇರ್ಲಿ, ಬಂದೋಳು ತಾನೇ ಸರಿ ಮಾಡ್ಕೋತಾಳೆ, ವರ್ಷ ವರ್ಷವೂ ಆ ಕೆಂಪು ಹೂವು ಕುರ್ಚಿಯ ಬದಿಯಲ್ಲಿ ಜೋತುಬಿದ್ದೇ ಇತ್ತು, ಮೊನ್ನೆ ಕುರ್ಚಿ ಸಾಗಿಸುವ ಮುಂಚೆ ಟೈಲರಮ್ಮನೇ ಕೈ ತೂರಿಸಿ ತೋಳನ್ನು ಒಳಗೆಳೆದು ಸರಿ ಮಾಡಿದಳು, ಒಳಗೆ ಬೆಚ್ಚಗಿತ್ತು, ಕಿಟಕಿಯ ಬಿಸಿಲಿಗೆ ಇರಬೇಕು, ಆದರೂ ಕೈ ಸುಟ್ಟವಳ ಹಾಗೆ ಹಿಂದಕ್ಕೆ ತೆಗೆದಳು. ಇಸ್ತ್ರಿ ಮಾಡಿ, ಕತ್ತಿನ ತನಕ ಗುಂಡಿ ಹಾಕಿ, ಹ್ಯಾಂಗರಿಗೆ ತೂಗುಹಾಕಿ ಫೋಟೋ ತೆಗೆದಳು, ಹೂವಿನ ಮಾತು ಬರೆಯಲಿಲ್ಲ, ಮಾರುವವರು ತೇಪೆ ತೋರಿಸುತ್ತಾರೆಯೇ. ಪಾರ್ಸೆಲ್ ಮುಟ್ಟಿದ ದಿನ ಮೆಸೇಜು ಬಂತು, ಕೋಟು ಸಿಕ್ತು, ಹ್ಯಾಂಗರ್ ಬೇಕಿರಲಿಲ್ಲ, ಅವಳು ಕುರ್ಚಿ ಮೇಲೇ ಎಸೆಯೋದು. ಅವಳು ಅಂದ್ರೆ ಯಾರು ಎಂದು ಬರೆದರೆ ಸಂಜೆಗೆ ಬಂದದ್ದು ಬೇರೆಯೇ ಮೆಸೇಜು, ಕೋಟಿನ ಫೋಟೋದಲ್ಲಿ ಹಿಂದೆ ದೀಪ ಕಾಣ್ತಿದೆಯಲ್ಲ, ಇನ್ನೂ ಇದೆಯಾ, ಒಡೆಯೋ ಸಾಮಾನು, ನೀವೇ ತಂದುಕೊಡಿ. ಮೆಸೇಜನ್ನು ಮತ್ತೆ ಮತ್ತೆ ಓದಿದಳು, ತಂಗಿ ಬದುಕಿದ್ದಾಳೆ, ಇದೇ ಊರಲ್ಲಿದ್ದಾಳೆ, ತನ್ನ ಸಾಮಾನನ್ನು ತಾನೇ ಒಂದೊಂದಾಗಿ ಕೊಂಡುಕೊಳ್ಳುತ್ತಿದ್ದಾಳೆ, ಮುಖ ತೋರಿಸಲು ನಾಚಿಕೆಯಿರಬೇಕು — ಥೂ ಹುಚ್ಚಿ, ಕೋಟನ್ನು ಕುರ್ಚಿಯ ಮೇಲೆ ಎಸೆಯುವವರು ಲೋಕದಲ್ಲಿ ಒಬ್ಬರೇ ಇದ್ದಾರೆಯೇ, ಮುಳುಗುವವಳಿಗೆ ಹುಲ್ಲುಕಡ್ಡಿ, ಇಳೀರಿ ಇಳೀರಿ, ನಿಮ್ ಸ್ಟಾಪ್ ಬಂತು ಅನ್ನುತ್ತಿದ್ದಾನೆ ಕಂಡಕ್ಟರು, ಎಷ್ಟು ಹೊತ್ತಿನಿಂದ ಅನ್ನುತ್ತಿದ್ದಾನೋ.

ಬೀದಿ ಎಲ್ಲ ಬೀದಿಗಳ ಹಾಗೇ ಇದೆ, ಬಾಗಿಲು ಬಾಗಿಲಿಗೂ ಮಡಚಿಟ್ಟ ರಟ್ಟಿನ ಡಬ್ಬಗಳು, ಈ ಮನೆಯ ಮುಂದೆಯೂ ಇವೆ, ಅವುಗಳ ಮೇಲೆ ಟೈಲರಮ್ಮನದೇ ಅಕ್ಷರ, ಒಡೆಯುವ ವಸ್ತುವಲ್ಲ, ಈ ಬದಿ ಮೇಲೆ, ತನ್ನದೇ ಕೈಬರಹ ಯಾರದೋ ಮನೆ ಬಾಗಿಲಲ್ಲಿ ಕಾಯುತ್ತ ಕೂತಿದೆ. ಗಂಟೆ ಒತ್ತಿದಳು, ಬಾಗಿಲು ನೆಲಕ್ಕೆ ಉಜ್ಜಿಕೊಂಡು ಕಿರ್ರೆಂದು ತೆರೆಯಿತು, ತಂಗಿಯಲ್ಲ, ನೆರೆತ ಕೂದಲಿನ ಹೆಂಗಸು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಾಳೆ, ಸಾಧಾರಣ ಮುಖ, ಯಾವ ಅಂಗಡಿಯ ಸಾಲಿನಲ್ಲೂ ಕಾಣುವ ಮುಖ, ಬನ್ನಿ ಬನ್ನಿ, ದೀಪ ತಂದ್ರಾ, ಈ ಹಾಳು ಬಾಗಿಲು ತೆಗೆದ್ರೆ ಬೀದಿಗೆಲ್ಲ ಕೇಳುತ್ತೆ, ಮತ್ತೆ ಅದನ್ನು ಅದೇ ಕಿರುಚಾಟದಲ್ಲಿ ಮುಚ್ಚಿ ಚಿಲಕ ಹಾಕಿದಳು. ಟೈಲರಮ್ಮನಿಗೆ ಅಳು ಬಂತು, ನುಂಗಿಕೊಂಡಳು, ಇಷ್ಟಕ್ಕೇ ಇಷ್ಟು ದೂರ ಬಂದೆನಲ್ಲ, ದೀಪ ಕೊಟ್ಟು ಹೊರಟುಬಿಡೋಣ, ಆದರೂ ಬಾಯಿ ಕೇಳಿಬಿಟ್ಟಿತು, ಯಾರಿಗೆ ಇದೆಲ್ಲ. ನನ್ನ ಮಗಳಿಗೆ, ಇನ್ಯಾರಿಗೆ. ಎಲ್ಲಿಂದಲೋ ಬಂದಳು ಪಾಪ, ಚಳೀಲಿ, ಮೈಮೇಲೆ ಒಂದು ಕೋಟೂ ಇಲ್ಲ, ಮನೆ ದಾರಿ ತಪ್ಪೋಯ್ತು ಅಂದ್ಲು, ನಂಗೂ ಯಾರೂ ಇಲ್ಲ, ಇರು ಅಂದೆ, ಆದ್ರೆ ಕೋಣೆ ಹೊಂದ್ಲಿಲ್ಲ ಅವಳಿಗೆ, ಇದಲ್ಲ, ಇದಲ್ಲ ಅಂತಾನೇ ಇದ್ಲು, ಎಷ್ಟು ವರ್ಷ ಹುಡುಕಿದೀನಿ ಗೊತ್ತಾ, ನೀವು ಹಾಕಿದ ಗೂಡಿನ ಫೋಟೋ ತೋರಿಸಿದೆ ನೋಡಿ, ಇದೇ ಅಂದ್ಲು. ಟೈಲರಮ್ಮ ಹೆಂಗಸಿನ ಹೆಗಲಾಚೆ ಇಣುಕಿದಳು, ಎಲ್ಲಿ, ಎಲ್ಲಿದಾಳೆ. ಕೋಟು ಹಾಕ್ಕೊಂಡು ಹೊರಗೆ ಹೋಗಿದಾಳೆ, ಮೂಲೆ ತನಕ, ಈಗ ಬಂದೆ ಅಂದ್ಲು, ಕೂತ್ಕೊಳ್ಳಿ, ಕುಡಿಯೋಕೆ ಏನಾದ್ರೂ ತರ್ತೀನಿ, ದೀಪ ನೀವೇ ಹಚ್ಚಿಡಿ, ಜಾಗ ನಿಮಗೇ ಗೊತ್ತಲ್ಲ.

ಗೊತ್ತು, ಜಾಗ ಗೊತ್ತು. ಕೋಣೆ ಹಾಗೇ ಇದೆ, ಕಿಟಕಿಗೆ ಒತ್ತಿದ ಮಂಚ, ಟೈಲರಮ್ಮ ಫೋಟೋಕ್ಕೆಂದು ಅದನ್ನು ಈಚೆ ಗೋಡೆಗೆ ಎಳೆದಿದ್ದಳು, ಫೋಟೋ ನೋಡಿ ಜೋಡಿಸಿದರೆ ಈಚೆ ಇರಬೇಕಿತ್ತು, ಕಿಟಕಿಗೆ ಒತ್ತಿ ಇದೆ, ತಂಗಿ ಇಟ್ಟುಕೊಂಡಿದ್ದ ಹಾಗೆ. ಗೂಡು, ಬಾಚಣಿಗೆ, ಮೇಜು, ಮೇಜಿನ ಪಕ್ಕ ಕುರ್ಚಿ, ಕುರ್ಚಿ ಖಾಲಿ, ಅದರ ಬೆನ್ನನ್ನು ಮುಟ್ಟಿ ನೋಡಿದಳು, ಬರೀ ಮರ, ತಣ್ಣಗಿದೆ. ಅಡುಗೆಮನೆಯಲ್ಲಿ ಲೋಟದ ಸದ್ದು, ಸೀರೆ ಬಿಚ್ಚಿ ದೀಪವನ್ನು ಮೇಜಿನ ಮೇಲಿಟ್ಟಳು, ಪ್ಲಗ್ಗು ಕೆಳಗೆಲ್ಲೋ ಇದೆ, ಮಂಡಿಯೂರಿ ಬಗ್ಗಿದಳು, ಬಂದರೆ ಏನೆನ್ನಲಿ, ಎಲ್ಲಿ ಸತ್ತಿದ್ಯೇ ಇಷ್ಟು ದಿನ ಎಂದು ಕೆನ್ನೆಗೊಂದು ಕೊಟ್ಟು ತಬ್ಬಿಕೊಳ್ಳಲೇ, ಅಮ್ಮ ಹೋದಳು ಅನ್ನಲೇ, ನಿನ್ನ ಕೋಣೆಯನ್ನು ಮಾರಿಬಿಟ್ಟೆ ಅನ್ನಲೇ — ಬೆನ್ನ ಹಿಂದೆ ಸರಕ್ಕೆಂದಿತು, ಬಟ್ಟೆಯ ಮೇಲೆ ಬಟ್ಟೆ ಜಾರುವ ಸದ್ದು, ಅಸ್ತರು ಸರಿದ ಸದ್ದು, ಈ ಸದ್ದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿಲ್ಲ, ಬಾಗಿಲು ಕಿರ್ರೆನ್ನಲಿಲ್ಲ, ಚಿಲಕ ತೆಗೆಯಲಿಲ್ಲ, ಅಡುಗೆಮನೆಯಲ್ಲಿ ಲೋಟದ ಸದ್ದು ನಡೆದೇ ಇದೆ, ಸ್ವಿಚ್ಚು ಒತ್ತಿದಳು, ಕೋಣೆ ಹಳದಿಯಾಯಿತು, ತಿರುಗಿದಳು. ಯಾರೂ ಇಲ್ಲ. ಕುರ್ಚಿಯ ಬೆನ್ನಿಗೆ ನೀಲಿ ಕೋಟು. ಅಡುಗೆಮನೆಯಿಂದ ದನಿ, ಬಂದ್ಲಾ, ಟೈಲರಮ್ಮ ಕೋಟಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು, ಈ ಸಲ ನಾನು ಮುಟ್ಟುವುದಿಲ್ಲ ಕಣೇ, ಸರಿ ಮಾಡುವುದಿಲ್ಲ, ಹಾಗೇ ಇರಲಿ, ಬಂದ್ಲಾ, ಎಡತೋಳು ಒಳಮೈ ಹೊರಗಾಗಿ ಜೋತುಬಿದ್ದಿದೆ, ಕೆಂಪು ಹೂವು, ಇನ್ನೂ ತೂಗಾಡುತ್ತಿದೆ, ಕೆಂಪು ಹೂವು, ನಿಲ್ಲುತ್ತಿಲ್ಲ, ಕೆಂಪು ಹೂವು