ಕೆಂಪು ಚಿಗುರಿನ ಕಡ್ಡಿ

ಸೆರಗು ಮತ್ತೆ ಜಾರಿತು, ಪೇಂಟ್ ಡಬ್ಬದ ಅಂಚಿನಿಂದ ಆ ಕೆಂಪು ಚಿಗುರು ಇಣುಕಿತು, ಅಕ್ಕವ್ವ ಮುಚ್ಚಿದಳು, ಬಾಪೂಜಿ ನಗರದಲ್ಲಿ ಬಸ್ಸು ಹತ್ತಿದಾಗಿನಿಂದ ಇದೇ ಆಟ — ಯಾವ ದ್ರಾಕ್ಷಿಯ ಎಲೆ ಹೀಗೆ ಕೊಯ್ದ ಬೀಟ್‌ರೂಟಿನ ಹಾಗಿರುತ್ತದೆ, ತನ್ನೂರು ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಇಪ್ಪತ್ತು ವರ್ಷ ಬಳ್ಳಿ ಕತ್ತರಿಸಿದ ಕೈ ಇದು, ಅಲ್ಲಿ ಎಲೆ ಎಲೆಯ ಬಣ್ಣದಲ್ಲೇ ಇರುತ್ತಿತ್ತು. ಉಲ್ಲಾಳದ ಲ್ಯಾಬಿನ ಉದಯಕುಮಾರ್ ಸಾರ್‌ಗೆ ಅದು ಸಾಲದು. ಜೀನ್ ಬದಲಾಯಿಸಿದೀವಿ ಅಕ್ಕವ್ವ, ವೈನ್ ಬಣ್ಣ ಗಾಢವಾಗುತ್ತೆ, ಒಗರು ಕಮ್ಮಿಯಾಗುತ್ತೆ, ಕುಡಿಯೋರ ನಾಲಿಗೆಗೆ ಹಿತ. ಕುಡಿಯೋರ ನಾಲಿಗೆಯಂತೆ! ಮೊದಲು ತನ್ನ ನಾಲಿಗೆಯ ಒಗರು ತೆಗೆಸಿಕೊಳ್ಳಲಿ — ನಿನ್ನೆ ಎಲ್ಲರೆದುರು ಗೇಟು ಕಾಯುವ ಕೊಟ್ರಪ್ಪನಿಗೆ ಏನೆಲ್ಲ ಅಂದ, ತಿಂಗಳ ಲೆಕ್ಕದಲ್ಲಿ ಕಡ್ಡಿ ಒಂದು ಕಮ್ಮಿ ಬಂದಿದೆ, ಯಾರಿಗೆ ಮಾರಿದೆಯೋ ಕಳ್ಳ, ನಾಳೆ ಪೊಲೀಸಿಗೆ ಕೊಡ್ತೀನಿ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಕೊಟ್ರಪ್ಪ, ಮಗಳಾಣಿಗೂ ನಾ ಒಯ್ದಿಲ್ರೀ ಸಾಹೇಬ್ರ. ಒಯ್ದವಳು ಅವನ ಬೆನ್ನ ಹಿಂದೆಯೇ ನಿಂತಿದ್ದಳು, ಕಾಯಿದ್ರಾಕ್ಷಿ ಕಚ್ಚಿದ ಹಾಗೆ ಬಾಯಿ ಕಟ್ಟಿತ್ತು. ಕದಿಯಬೇಕೆಂದು ಕದ್ದಳೇ? ಕತ್ತರಿಸಿದ ಮೊದಲ ಕಡ್ಡಿಯನ್ನು ಬಿಸಾಡಬಾರದು, ಮಣ್ಣಿಗೆ ಊರಬೇಕು ಎಂದು ಅವ್ವ ಕಲಿಸಿದ್ದು, ಕೈಗೆ ಅದೊಂದೇ ಗೊತ್ತು, ಹೋದ ತಿಂಗಳು ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿತು. ಇಲ್ಲಿಯ ಪದ್ಧತಿ ಬೇರೆ, ಪ್ರತಿ ಕಡ್ಡಿಯನ್ನೂ ಎಣಿಸಿ ಹಳದಿ ಚೀಲಕ್ಕೆ ಹಾಕಿ ಹಬೆಯಲ್ಲಿ ಬೇಯಿಸಿ ಕೊಲ್ಲಬೇಕು, ಬಾಣಂತಿ ಕೋಣೆಯಲ್ಲಿ ಚಟ್ಟ ಕಟ್ಟಿದ ಹಾಗೆ. ಹೊರಗೆ ಎಲ್ಲಾದ್ರೂ ಬೇರು ಬಿಟ್ರೆ ಲ್ಯಾಬೇ ಮುಚ್ಚಿಸ್ತಾರೆ ಅಕ್ಕಾ ಅಂದಿದ್ದಳು ಲ್ಯಾಬಿನ ಸ್ಮೃತಿ ಮೇಡಂ, ಅವಳಾದರೂ ಬಾಯಿ ಬಿಟ್ಟು ಹೇಳುತ್ತಾಳೆ. ಮನೆಯಲ್ಲಿ ಈ ಡಬ್ಬದ ಮಣ್ಣಿಗೆ ಊರಿದಾಗ ಬದುಕಲಾರದು ಅಂದುಕೊಂಡಿದ್ದಳು ಅಕ್ಕವ್ವ, ಬದುಕಿತು, ಹಾಳಾದ್ದು, ಚಿಗುರಿತು, ಅದೂ ಕೆಂಪಗೆ. ಹೆಬ್ಬೆರಳಿನ ಉಗುರು ಸಾಕು, ಚಿವುಟಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ತನ್ನ ಕೆಲಸ ಉಳಿಯುತ್ತದೆ — ಕೊಟ್ರಪ್ಪ? ಮಲ್ಲತ್ತಹಳ್ಳಿ ಕೆರೆ ಬಂತು, ಎಸೆದುಬಿಡಲೇ, ಆ ದಡದ ಕೆಸರಲ್ಲಿ ಇದು ಸುಮ್ಮನಿರುವ ಜಾತಿಯಲ್ಲ. ಆಂಟಿ, ಏನದು ಗಿಡ, ಪ್ಲಾಸ್ಟಿಕ್ಕಾ? ಕಂಡಕ್ಟರ್ ಬಗ್ಗಿ ನೋಡುತ್ತಿದ್ದಾನೆ. ಪ್ಲಾಸ್ಟಿಕ್ ಅಲ್ಲಪಾ, ಖರೇ ಐತಿ. ಅಂದುಬಿಟ್ಟಳು, ಇಡೀ ಬಸ್ಸು ತಿರುಗಿತು, ಎಂಥಾ ಕಲರ್ ಮಚ್ಚಾ ಅಂದ ಹಿಂದಿನ ಸೀಟಿನವನು, ನಿಮ್ಮ ಕಣ್ಣಿಗೆ ಮಣ್ಣು ಬೀಳಲಿ. ಉಲ್ಲಾಳ, ಯಾರ್ರೀ ಇಳಿಯೋರು? ಇಳಿದಳು. ಗೇಟಿನಲ್ಲಿ ಪೊಲೀಸರ ಜೀಪು, ಪಕ್ಕದಲ್ಲಿ ಕೊಟ್ರಪ್ಪ, ತಲೆಯ ಮೇಲೆ ಟೋಪಿಯಿಲ್ಲ, ಅಕ್ಕಾ, ನೀ ಯಾಕ ಇಲ್ಲಿ ನಿಂತಿ, ಒಳಗ ಹೋಗು, ನಿನ್ನನ್ನೂ ಹಿಡೀತಾರ — ಇವನಿಗೆ ತನ್ನ ಚಿಂತೆಯಿಲ್ಲ, ನನ್ನದು, ದಡ್ಡ, ದಡ್ಡ. ಉದಯಕುಮಾರ್ ಮೆಟ್ಟಿಲಿಳಿದು ಬರುತ್ತಿದ್ದಾನೆ, ಬಾರಯ್ಯಾ ಬಾ, ಎಣಿಸಿಕೋ, ಸೆರಗನ್ನು ಹೆಗಲಿಗೆ ಎಳೆದುಕೊಂಡಳು, ಡಬ್ಬವನ್ನು ಎರಡು ಕೈಯಲ್ಲಿ ಮುಂದೆ ಚಾಚಿದಳು, ಬಿಸಿಲಲ್ಲಿ ಕೆಂಪು ಚಿಗುರು, ಎರಡೇ ಎಲೆ, ಕೆಂಪು ಚಿಗುರು.