ಎರಡು ನಿಮಿಷದ ಸೈಕಲ್

ಮಾಯಾ ಅತ್ತೆಯ ಹಿಮ್ಮಡಿಯ ಬಿರುಕುಗಳನ್ನು ಬಿಸಿನೀರಿನಲ್ಲಿ ತಿಕ್ಕುತ್ತಿದ್ದಳು. ಮೂವತ್ತು ವರ್ಷ ಸಿಮೆಂಟು ತುಳಿದ ಕಾಲು. ಎಷ್ಟು ತಿಕ್ಕಿದರೂ ಬೂದು ಬಣ್ಣ ಬಿಡಲಿಲ್ಲ. ಆಸ್ಪತ್ರೆಯ ನರ್ಸಾಗಿ ಎಷ್ಟೋ ಹೆಣಗಳನ್ನು ಒರೆಸಿದ ಕೈ ಇವತ್ತು ಅದೇ ಹಿಮ್ಮಡಿಗೆ ಮತ್ತೆ ಮತ್ತೆ ಮರಳುತ್ತಿತ್ತು.

"ಸಾಕು ಬಿಡು, ಮದಿವಿಗೆ ಕಳಸ್ತೀಯೇನು?" ಎಂದಳು ಯಂಕವ್ವ, ಸತ್ತ ಅತ್ತೆ ಸಾವಂತ್ರವ್ವನ ತಂಗಿ. ಮೂಗು ಒರೆಸಿಕೊಂಡು, "ಅಕ್ಕನ ಕೌದಿ ಎಲ್ಲದ? ತೊಗೊಂಬಾ. ಹೊಚ್ಚಿಕೊಂಡಿದ್ದು ಆಕಿ ಕೂಡೇ ಸುಡಬೇಕು. ನಮ್ಮ ಮಂದ್ಯಾಗ ಹಂಗೇ."

ಮಾಯಾಳ ಕೈ ನಿಂತಿತು. ಆ ಕೌದಿಯ ನೀಲಿ ತೇಪೆಯ ಕೆಳಗೆ ಅವಳ ಪಾಸ್‌ಪೋರ್ಟ್ ಇತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶಿವಾಜಿನಗರದಲ್ಲಿ ಇಂಗ್ಲಿಷ್ ಮಾತಿನ ಪರೀಕ್ಷೆ. ಪಾಸ್‌ಪೋರ್ಟ್ ತೋರಿಸದೆ ಒಳಗೆ ಬಿಡುವುದಿಲ್ಲ. ಪರೀಕ್ಷೆಯ ವಿಷಯ ಮರಾಠಿ ಸೀಮೆಯ ನಿಗಡಿಯ ಈ ಎರಡು ಕೋಣೆಯ ಮನೆಯಲ್ಲಿ ಗೊತ್ತಿದ್ದದ್ದು ಇನ್ನೊಬ್ಬಳಿಗೆ ಮಾತ್ರ. ಅವಳು ಈಗ ಹಲಗೆಯ ಮೇಲೆ ಮಲಗಿದ್ದಳು.

*

"ಪರದೇಶದ ನೌಕ್ರಿ ಅಂತ ಇನ್ನೊಮ್ಮಿ ಅಂದ್ರ, ಆ ಪಾಸ್‌ಪೋರ್ಟ್ ಒಲಿಗೆ ಹಾಕ್ತೀನಿ" ಎಂದು ಗಂಡ ಪ್ರೇಮಕುಮಾರ ಅಂದ ಮರುದಿನವೇ ಸಾವಂತ್ರವ್ವ ಅದನ್ನು ಕೌದಿಯೊಳಗೆ ಹೊಲಿದುಬಿಟ್ಟಿದ್ದಳು. "ನನ್ನ ಮೈಮ್ಯಾಲಿನ ಕೌದಿ ಎಳಿಯೋ ಧೈರ್ಯ ಯಾರಿಗದ?"

ಮಗ ಕಾರ್ಖಾನೆಗೆ ಹೋದ ಮೇಲೆ ಅತ್ತೆಯೇ ಪರೀಕ್ಷಕಿ. ಓದು ಬರದಿದ್ದರೂ ಫೋನಿನ ಗಡಿಯಾರ ಒತ್ತಲು ಕಲಿತಿದ್ದಳು. ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ನಿಲ್ಲದೆ ಮಾತಾಡಬೇಕು. "ಬೈಸಿಕಲ್!" ಎಂದು ಅವಳು ಗದರಿಸಿದೊಡನೆ ಮಾಯಾ ಬಾಯಿಪಾಠ ಒಪ್ಪಿಸುವಳು: "ಆನ್ ಮೈ ಟೆಂತ್ ಬರ್ತ್‌ಡೇ, ಮೈ ಫಾದರ್ ಗೇವ್ ಮಿ ಎ ರೆಡ್ ಬೈಸಿಕಲ್..." ನಲವತ್ತು ಸೆಕೆಂಡಿಗೆ ಮಾತು ಕಟ್ಟಿಬಿಡುತ್ತಿತ್ತು.

"ಏನಂದಿ ಈಗ?"

"ಹತ್ತನೇ ಬರ್ತ್‌ಡೇಕ ನಮ್ಮಪ್ಪ ಕೆಂಪು ಸೈಕಲ್ ಕೊಡಿಸಿದ ಅಂತ್ರಿ."

"ನಿಮ್ಮಪ್ಪ ನಿನಗೊಂದು ಚಪ್ಪಲಿ ಕೊಡಿಸಿದ್ದು ನಾ ಕಂಡಿಲ್ಲ. ಅದಕ್ಕೇ ನಿಂತು ಹೋಗ್ತದ. ನಂದು ಹೇಳು."

ಶಿರೂರಿನ ರಸ್ತೆ ಕೆಲಸದಲ್ಲಿ ಮೇಸ್ತ್ರಿ ಉಂಡು ಮಲಗಿದ್ದಾಗ, ಅವನ ಸೈಕಲ್ಲನ್ನು ದಿಬ್ಬದ ತನಕ ತಳ್ಳಿಕೊಂಡು ಹೋಗಿ, ಅತ್ತೆ ಸೀರೆಗೆ ಕಚ್ಚೆ ಹಾಕಿ ಹತ್ತಿದ್ದಳಂತೆ.

"ಬ್ರೇಕ್ ಎಲ್ಲದ ಅಂತ ಯಾರಿಗೂ ಕೇಳಿದ್ದಿಲ್ಲ. ಹೋಗಿ ಖಡಿ ಕಲ್ಲಿನ ರಾಶಿ ಮ್ಯಾಲ ಬಿದ್ದೆ. ಬಿದ್ದದ್ದು ಇರ್ಲಿ, ಆ ಇಳಕಲು ಪೂರಾ ನಂದೇ ಇತ್ತು ನೋಡು!" ನಕ್ಕು ನಕ್ಕು ಅವಳಿಗೆ ಕೆಮ್ಮು ಬಂದಿತ್ತು. ಮಾಯಾ ಫೋನು ನೋಡಿದರೆ ಅತ್ತೆಯ ಮಾತು ನಾಲ್ಕು ನಿಮಿಷ ದಾಟಿತ್ತು.

*

"ಹರದದ ರೀ ಚಿಗವ್ವ," ಎಂದಳು ಮಾಯಾ, ಕೌದಿಯನ್ನು ಎದೆಗೊತ್ತಿಕೊಂಡು. "ಹರಕು ಹೊಚ್ಚಿ ಕಳಸೋದು ಬ್ಯಾಡ. ನಾಕು ಹೊಲಿಗಿ ಹಾಕಿ ಕೊಡ್ತೀನಿ."

"ಸುಡೋ ಕೌದಿಗೆ ಹೊಲಿಗಿ? ಮಂದಿ ನಗ್ತದ."

"ಹಾಕ್ಲಿ ಬಿಡು ಚಿಗವ್ವ." ಬಾಗಿಲಲ್ಲಿ ನಿಂತಿದ್ದ ಪ್ರೇಮಕುಮಾರ ಕಣ್ಣು ಒರೆಸಿಕೊಂಡ. "ಅವ್ವಗ ಈಕಿ ಮ್ಯಾಲ ಭಾಳ ಜೀವ ಇತ್ತು."

ಹೆಣದ ತಲೆಯ ಬಳಿ ಕೂತು ಸೂಜಿಯ ಮೊನೆಯಿಂದ ಒಂದೊಂದೇ ದಾರ ಬಿಚ್ಚಿದಳು. ಅತ್ತೆಯ ಹೊಲಿಗೆ ಬಲು ಬಿಗಿ. ಬೆರಳಿನ ಬೆವರಿಗೆ ಸೂಜಿ ಜಾರುತ್ತಿತ್ತು. ಗಂಡ ಎರಡು ಮಾರು ದೂರದಲ್ಲೇ ಇದ್ದ.

ಕೆಳಗಿನಿಂದ ನೆರೆಮನೆಯ ಬಾಳು ಕೂಗಿದ: "ಚಲಾ, ಗಾಡಿ ಆಲೀ!" ಹೆಣ ಒಯ್ಯುವ ಗಾಡಿ ಬಂದಿತ್ತು.

ಎಲ್ಲರೂ ಕಿಟಕಿಯತ್ತ ತಿರುಗಿದರು. ಪಾಸ್‌ಪೋರ್ಟ್ ಅವಳ ಸೀರೆಯ ನೆರಿಗೆಯೊಳಗೆ ಇಳಿಯಿತು. ಆಮೇಲೆ, ಯಂಕವ್ವ ಎರಡು ಸಲ ಅವಸರ ಮಾಡಿದರೂ, ಖಾಲಿ ತೇಪೆಯನ್ನು ಒಂದು ಹೊಲಿಗೆಯೂ ಬಿಡದೆ ಮತ್ತೆ ಹೊಲಿದಳು. ಅತ್ತೆಗೆ ತಾನೇ ಹೊದಿಸಿದಳು.

ಗಂಡಸರು ಹೊತ್ತುಕೊಂಡು ಇಳಿದರು. ಹೆಣವಿದ್ದ ಜಾಗವನ್ನು ತೊಳೆದು ಯಂಕವ್ವ ದೀಪ ಹಚ್ಚಿದಳು. "ಮೂರು ದಿನ ಇದು ಆರಬಾರದು. ಸೊಸಿ ಆದಾಕಿ ಹೊಸ್ತಿಲ ದಾಟಬಾರದು. ತಿಳೀತಿಲ್ಲೊ?"

ಮಾಯಾ ಎಣ್ಣೆಯ ಬಾಟಲಿ ತೆಗೆದುಕೊಂಡಳು. ನಾಳೆ ಮಧ್ಯಾಹ್ನದ ತನಕ ಸಾಲುವಷ್ಟು ಎಣ್ಣೆಯನ್ನು ದೀಪಕ್ಕೆ ಸುರಿದಳು. ಪೊರಕೆ ಹಿಡಿದು ಬಾಗಿಲಿಗೆ ಬಂದಳು. ಬಂದವರ ಚಪ್ಪಲಿಗಳ ರಾಶಿಯಿಂದ ತನ್ನವನ್ನು ಎಳೆದು, ಹೊಸ್ತಿಲಾಚೆ, ಮೆಟ್ಟಿಲಿನತ್ತ ಮುಖ ಮಾಡಿ ಇಟ್ಟಳು.

ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಕೆಂಪು ಸೈಕಲ್ ಅದರಲ್ಲಿರಲಿಲ್ಲ. ಮೇಸ್ತ್ರಿಯೊಬ್ಬ ಉಂಡು ಮಲಗಿದ್ದ. ಮುಂದೆ ಉದ್ದನೆಯ ಇಳಿಜಾರು ಇತ್ತು.