ಮಾಸು ಬೇರೆ, ಮಗು ಬೇರೆ

ಕೈ ಇನ್ನೊಂದು ಸಲ ತೊಳೆಯಬೇಕಿತ್ತೇನೋ. ಆವತ್ತು ಬೆಳಗ್ಗೆ ಕುರಿಮರಿ ಎಳೆದು ಈಯಿಸಿದ ಕೈಯಲ್ಲೇ ದಾವಣಗೆರೆ ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದಿದ್ದು ತಪ್ಪಾಯಿತೇನೋ. ಇಲ್ಲದಿದ್ದರೆ ಅಷ್ಟು ದೊಡ್ಡ ಮಿಷನ್ನಿಗೆ ನೆಟ್ಟಗೆ ಒಂದು ಮಾತು ಹೇಳಲು ಯಾಕೆ ಬರಲಿಲ್ಲ?

ಭರಮಸಾಗರದ ಕುರಿಗಾಹಿ ಶಿವು ಜಗಲಿಯ ಮೇಲೆ ಕೂತು ಇದನ್ನೇ ಮೆಲುಕು ಹಾಕುತ್ತಿದ್ದ. ಹೆಂಡತಿ ಲತಾಗೆ ಈಗ ನಾಲ್ಕು ತಿಂಗಳು ತುಂಬಿದೆ. ಸ್ಕ್ಯಾನಿಂಗಿನಲ್ಲಿ ಅನುಮಾನ ಬಂದು ಮೂರನೇ ತಿಂಗಳಲ್ಲಿ ಹೊಟ್ಟೆಗೆ ಸೂಜಿ ಹಾಕಿ ವರ್ಣತಂತು ಪರೀಕ್ಷೆ ಮಾಡಿದ್ದರು. ಕೆಲವು ಜೀವಕಣ ಸರಿ, ಕೆಲವು ಬೇರೆ ಥರ. ಏನೂ ಸ್ಪಷ್ಟವಿಲ್ಲ, ಇನ್ನೊಂದು ಪರೀಕ್ಷೆಗೆ ಬನ್ನಿ ಅಂದಿದ್ದರು.

ಆಶಾ ಕಾರ್ಯಕರ್ತೆ ಯಶೋದಕ್ಕ ಬಂದಳು. "ಏನಪ್ಪ ಶಿವು, ಇನ್ನೂ ಹೊರಟಿಲ್ಲ?"

"ಒಂದ್ಸಲ ಕೆಟ್ಟಿದ್ದು ಎರಡ್ನೇ ಸಲ ಸರಿಹೋಗುತ್ತೇನಕ್ಕ?"

"ಕೆಟ್ಟೈತೆ ಅಂತ ಯಾರಂದ್ರು? ಗೊತ್ತಾಗ್ಲಿಲ್ಲ ಅಂದವ್ರೆ."

ಒಳಗಿಂದ ಲತಾ ಅಂದಳು, "ಈಯಪ್ಪ ವಾರದಿಂದ ಸೋಪು ಕರಗಿಸ್ತಾ ಕುಂತವ್ನೆ ಅಕ್ಕ. ಉಣ್ಣಾಕೆ ಮುಂಚೆ ಯಾವತ್ತೂ ಕೈ ತೊಳ್ದೋನಲ್ಲ."

ಶಿವು ತಲೆ ತಗ್ಗಿಸಿ ಕುರಿಯ ಸಂಗತಿ ಒಪ್ಪಿಕೊಂಡ. ಯಶೋದಕ್ಕ ನಕ್ಕು ನಕ್ಕು ಜಗಲಿಗೆ ಒರಗಿದಳು.

"ಲೇ, ನಿನ್ ಕೈದೂ ತಪ್ಪಿಲ್ಲ, ಇವಳದ್ದೂ ತಪ್ಪಿಲ್ಲ. ಆವತ್ತು ಸೂಜೀಲಿ ತಗಂಡಿದ್ದು ಮಾಸಿನ ಚೂರು, ಮಗೂದಲ್ಲ. ಕುರಿ ಮಾಸು ಕೆಡವಿದಾಗ ಅದನ್ನ ನೋಡಿ ಮರಿ ಹೆಂಗೈತೆ ಅಂತ ಹೇಳ್ತೀಯಾ?"

"ಮರಿ ನೋಡೇ ಹೇಳ್ಬೇಕು."

"ಅಷ್ಟೇಯ. ಮಾಸಿನಾಗೆ ಕಂಡಿದ್ದು ಮಗೂನಾಗೆ ಇರ್ಬೋದು, ಇಲ್ದೇನೂ ಇರ್ಬೋದು. ಈಗ ಮಗೂನ ಸುತ್ತ ಇರೋ ನೀರು ಸ್ವಲ್ಪ ತಗೀತಾರೆ. ಅದ್ರಾಗೆ ಮಗೂನ ಕಣಗಳೇ ಇರ್ತಾವೆ."

"ಸೂಜಿ ಮಗೂಗೆ ತಾಗಿದ್ರೆ?"

"ಸ್ಕ್ಯಾನಿಂಗಿನಾಗೆ ನೋಡ್ಕಂತಾನೇ ಹಾಕ್ತಾರೆ. ಆದ್ರೂ ಗರ್ಭ ಹೋಗೋ ಅಪಾಯ ಚೂರು ಐತೆ, ಇಲ್ಲ ಅನ್ನಂಗಿಲ್ಲ. ಡಾಕ್ಟ್ರನ್ನ ಬಿಡಿಸಿ ಕೇಳ್ರಿ. ಬೇಕೋ ಬ್ಯಾಡ್ವೋ ಲತಾ ಹೇಳ್ಲಿ."

ಲತಾ ಚಪ್ಪಲಿ ಹಾಕಿಕೊಂಡೇ ಬಂದಳು. "ನಂಗೆ ತಿಳೀಬೇಕು ಅಕ್ಕ. ಏನೂ ಗೊತ್ತಿಲ್ದೆ ಇನ್ನೈದು ತಿಂಗ್ಳು ಈಯಪ್ಪನ ಈ ಮುಖ ನೋಡ್ಕಂಡಿರೋಕೆ ನನ್ನಿಂದಾಗಲ್ಲ."

"ಹಂಗಾದ್ರೆ ಹೋಗಾಣ," ಅಂದು ಶಿವು ಎದ್ದ.

ಬಸ್ಸಿನಲ್ಲಿ ಅವನು ಕಂಡಕ್ಟರಿಗೂ ಮಾಸಿನ ಪಾಠ ಮಾಡಿದ. ಪಕ್ಕದ ಸೀಟಿನ ಅಜ್ಜಿ ಎದ್ದು ಹಿಂದೆ ಹೋಗಿ ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ವರದಿ ಅಸ್ಪಷ್ಟ ಎಂದರೆ ಮಗುವಿಗೆ ತೊಂದರೆಯಿದೆ ಎಂದಲ್ಲ, ಇಲ್ಲ ಎಂದೂ ಅಲ್ಲ. ಯಾರನ್ನೂ ದೂರಬೇಡಿ, ಮನೆಯಲ್ಲಿ ಕೂತು ಊಹಿಸಬೇಡಿ. ಹೇಳಿದ ಸಮಯಕ್ಕೆ ವೈದ್ಯರ ಬಳಿ ಹೋಗಿ. ಮುಂದಿನ ಪರೀಕ್ಷೆಯಿಂದ ಏನು ತಿಳಿಯುತ್ತದೆ, ಏನು ಅಪಾಯ, ಎರಡನ್ನೂ ಕೇಳಿ ನಿರ್ಧರಿಸಿ. ಹೆದರಿಕೆಯಿದ್ದರೆ ಬಾಯಿಬಿಟ್ಟು ಹೇಳಿ.

ಶಿವು ದಾವಣಗೆರೆ ಮುಟ್ಟುವವರೆಗೂ ಮಾತಾಡಿದ. ತನಗೂ ಹೆದರಿಕೆಯಾಗಿದೆ ಎಂದು ಮಾತ್ರ ಲತಾಗೆ ಹೇಳಲಿಲ್ಲ.